ಕೈ ಬಿಗಿಯಾದ ವರ್ಷದಲ್ಲಿ ಸಣ್ಣ ನಗರವನ್ನು ನಡೆಸುವುದು ಹೇಗೆ?

ತಿಂಗಳ 24ನೇ ತಾರೀಖು. ಲೆಕ್ಕ ವಿಭಾಗದವರು ಫೈಲ್ ಹಿಡಿದು ನಿಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಒಂದನೇ ತಾರೀಖಿಗೆ ಸಂಬಳ ಆಗಬೇಕು. ಪಂಪ್‌ಹೌಸಿನ ಕರೆಂಟ್ ಬಿಲ್ ಕಟ್ಟಲು ನಾಲ್ಕೇ ದಿನ ಉಳಿದಿದೆ. ಕಸ ಸಾಗಿಸುವ ಗುತ್ತಿಗೆದಾರರಿಗೆ ಮೂರು ತಿಂಗಳ ಬಾಕಿ ಇದೆ. ಖಾತೆಯಲ್ಲಿರುವ ದುಡ್ಡು ಇದರಲ್ಲಿ ಒಂದಕ್ಕೆ ಸಾಕು, ಎರಡಕ್ಕೆ ಸಾಲದು. ಬಜೆಟ್ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಎಲ್ಲವೂ ಸರಿಯಾಗಿದೆ. ಕೊನೇ ಪುಟದಲ್ಲಿ ಸ್ವಲ್ಪ ಉಳಿತಾಯವನ್ನೂ ತೋರಿಸಿದ್ದಾರೆ.

ಇಂಥ ವರ್ಷ ಯಾವ ಊರಿಗಾದರೂ ಬರಬಹುದು. ಮಳೆ ಕೈಕೊಡಬಹುದು, ನೆರೆ ಬರಬಹುದು. ಊರಿನ ದೊಡ್ಡ ಕಾರ್ಖಾನೆಗೆ ಬೀಗ ಬೀಳಬಹುದು. ಮೇಲಿನ ಸರ್ಕಾರದಿಂದ ಬರಬೇಕಾದ ಅನುದಾನ ಆರು ತಿಂಗಳು ತಡವಾಗಬಹುದು. ದೊಡ್ಡ ನಗರಕ್ಕಾದರೆ ತಜ್ಞರಿರುತ್ತಾರೆ, ಸಾಲ ಕೊಡುವವರು ಸಾಲುಗಟ್ಟಿರುತ್ತಾರೆ. ಸಣ್ಣ ನಗರದಲ್ಲಿ ಒಬ್ಬ ಮುಖ್ಯಾಧಿಕಾರಿ, ಇಬ್ಬರು ಲೆಕ್ಕದವರು, ಒಬ್ಬ ಎಂಜಿನಿಯರ್. ಅಷ್ಟೇ. ಹೊಸದಾಗಿ ಅಧ್ಯಕ್ಷರಾದವರು, ಸದಸ್ಯರು, ಅಧಿಕಾರಿಗಳು, ತಮ್ಮ ಊರಿನ ಆಡಳಿತ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕೆನ್ನುವ ನಾಗರಿಕರು, ಇವರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ಲೆಕ್ಕದ ಮೇಜಿನ ಮುಂದೆ ಕೂತು ನಾನು ಕಂಡುಕೊಂಡದ್ದು ಒಂದೇ ಮಾತು. ಊರುಗಳು ಕೊರತೆಯಿಂದ ಕೆಟ್ಟದ್ದು ಕಡಿಮೆ, ಕೊರತೆಯನ್ನು ಬಚ್ಚಿಟ್ಟು ಕೆಟ್ಟದ್ದೇ ಜಾಸ್ತಿ. ಕೊರತೆ ಅಡಗಿ ಕೂರುವ ಜಾಗಗಳು ಬಹಳ ಇವೆ. ಅವನ್ನು ಒಂದೊಂದಾಗಿ ಬೆಳಕಿಗೆ ತರುವುದೇ ಆ ವರ್ಷದ ಮುಖ್ಯ ಕೆಲಸ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇವೆ.

ಹೆಜ್ಜೆ 1: ಎಲ್ಲ ಬ್ಯಾಂಕ್ ಖಾತೆಗಳನ್ನೂ ಮೇಜಿನ ಮೇಲೆ ಇಡಿ

ಮೊದಲ ವಾರ ಬೇರೆ ಏನನ್ನೂ ಮಾಡಬೇಡಿ. ನಗರಾಡಳಿತದ ಹೆಸರಿನಲ್ಲಿ ಎಷ್ಟು ಬ್ಯಾಂಕ್ ಖಾತೆಗಳಿವೆ ಎಂದು ಲೆಕ್ಕ ವಿಭಾಗವನ್ನು ಕೇಳಿ. ಆಮೇಲೆ ಅದೇ ಪ್ರಶ್ನೆಯನ್ನು ಬ್ಯಾಂಕುಗಳಿಗೆ ಪತ್ರ ಬರೆದು ಕೇಳಿ. ಎರಡೂ ಪಟ್ಟಿ ಒಂದೇ ಆಗಿರಬೇಕು. ಎಷ್ಟೋ ಕಡೆ ಆಗಿರುವುದಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಡಿಕ್ಸನ್ ಎಂಬ ಊರಿದೆ. ಜನ ಸುಮಾರು 16 ಸಾವಿರ. ಅಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ರೀಟಾ ಕ್ರಂಡ್‌ವೆಲ್ ಎಂಬ ಅಧಿಕಾರಿ 1990ರಲ್ಲಿ ನಗರದ ಹೆಸರಿನಲ್ಲೇ ಒಂದು ಗುಟ್ಟಿನ ಖಾತೆ ತೆರೆದರು. 2012ರವರೆಗೆ ಅದರ ಮೂಲಕ 5 ಕೋಟಿ 30 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಹೊರಗೆ ಹೋಯಿತು. ಊರಿನ ರಸ್ತೆ ದುರಸ್ತಿ ನಿಂತಿತು, ಖರ್ಚಿಗೆ ಕತ್ತರಿ ಬಿತ್ತು. ಯಾಕೆ ಹೀಗೆ ಎಂದು ಕೇಳಿದವರಿಗೆ, ರಾಜ್ಯ ಸರ್ಕಾರದಿಂದ ಬರುವ ಪಾಲು ತಡವಾಗಿದೆ ಎಂಬ ಉತ್ತರ ಸಿಗುತ್ತಿತ್ತು. ಪ್ರತಿ ವರ್ಷ ಆಡಿಟ್ ಕೂಡ ಆಗುತ್ತಿತ್ತು. 2011ರಲ್ಲಿ ಅವರು ಉದ್ದದ ರಜೆಯಲ್ಲಿದ್ದಾಗ, ಅವರ ಕೆಲಸ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕಳಿಸಿ ಎಂದು ಬ್ಯಾಂಕಿಗೆ ಹೇಳಿದರು. ಗೊತ್ತೇ ಇಲ್ಲದ ಒಂದು ಖಾತೆಯ ಹಾಳೆಗಳು ಬಂದವು. ಇಪ್ಪತ್ತು ವರ್ಷದ ಮೋಸ ಹೊರಬಿದ್ದದ್ದು ಹಾಗೆ. 2013ರಲ್ಲಿ ಆ ಅಧಿಕಾರಿಗೆ 19 ವರ್ಷ 7 ತಿಂಗಳ ಶಿಕ್ಷೆ ಆಯಿತು.

ನಿಮ್ಮ ಊರಿನಲ್ಲಿ ಕಳ್ಳತನ ಆಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ಸಣ್ಣ ಕಚೇರಿಯಲ್ಲಿ ಒಬ್ಬರೇ ಚೆಕ್ ಬರೆಯುತ್ತಾರೆ, ಅವರೇ ಕ್ಯಾಶ್‌ಬುಕ್ ಬರೆಯುತ್ತಾರೆ, ಅದು ಬ್ಯಾಂಕಿನ ಲೆಕ್ಕಕ್ಕೆ ತಾಳೆ ಆಗುತ್ತದೆಯೇ ಎಂದೂ ಅವರೇ ನೋಡುತ್ತಾರೆ. ಅವರ ಮೇಲೆ ಎಷ್ಟೇ ನಂಬಿಕೆ ಇರಲಿ, ಈ ಮೂರು ಕೆಲಸ ಒಬ್ಬರ ಕೈಯಲ್ಲಿ ಇರಬಾರದು. ಸ್ಟೇಟ್‌ಮೆಂಟ್ ನೇರವಾಗಿ ಇನ್ನೊಬ್ಬ ಅಧಿಕಾರಿಯ ಕೈಗೆ ಬರಲಿ. ಲೆಕ್ಕದವರು ವರ್ಷಕ್ಕೆ ಎರಡು ವಾರವಾದರೂ ರಜೆ ಹೋಗಲಿ, ಆಗ ಅವರ ಕೆಲಸವನ್ನು ಬೇರೆಯವರು ಮಾಡಲಿ. ಪ್ರಾಮಾಣಿಕರಿಗೆ ಇದು ರಕ್ಷಣೆ. ಇದನ್ನು ಅವರಿಗೂ ಬಿಡಿಸಿ ಹೇಳಿ, ಅನುಮಾನ ಪಟ್ಟಂತೆ ಕಾಣಬಾರದು.

ಪ್ರತಿ ಖಾತೆಯ ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ. ಈ ದುಡ್ಡು ಯಾವುದಕ್ಕೆ ಬೇಕಾದರೂ ಬಳಸಬಹುದಾದದ್ದೋ, ಅಥವಾ ಒಂದು ಯೋಜನೆಗೆ ಕಟ್ಟಿಹಾಕಿದ್ದೋ? ಒಟ್ಟು ಮೊತ್ತ ನೋಡಿ ಸಮಾಧಾನ ಪಡುವ ಅಧ್ಯಕ್ಷರನ್ನು ಕಂಡಿದ್ದೇನೆ. ಆ ಮೊತ್ತದಲ್ಲಿ ಮುಕ್ಕಾಲು ಪಾಲು ಯಾವುದೋ ನೀರಿನ ಯೋಜನೆಯದ್ದು, ಗುತ್ತಿಗೆದಾರರ ಠೇವಣಿ, ಸಿಬ್ಬಂದಿಯ ಸಂಬಳದಲ್ಲಿ ಮುರಿದುಕೊಂಡು ಇನ್ನೂ ಕಟ್ಟದೇ ಇರುವ ಭವಿಷ್ಯ ನಿಧಿ. ಅದನ್ನೆಲ್ಲ ಕಳೆದು ಉಳಿದದ್ದು ಮಾತ್ರ ನಿಮ್ಮ ಕೈಯಲ್ಲಿರುವ ದುಡ್ಡು.

ಹೆಜ್ಜೆ 2: ಹದಿಮೂರು ವಾರದ ಹಾಳೆ

ಬಜೆಟ್ ವರ್ಷದ ಲೆಕ್ಕ ಹೇಳುತ್ತದೆ. ಸಂಬಳ ಕೊಡಬೇಕಾದದ್ದು ಒಂದು ನಿರ್ದಿಷ್ಟ ದಿನ. ಮಾರ್ಚ್‌ನಲ್ಲಿ ಬರುವ ತೆರಿಗೆ ಸೆಪ್ಟೆಂಬರ್ ಸಂಬಳಕ್ಕೆ ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಹಾಳೆ ಬೇಕು.

ಒಂದು ದೊಡ್ಡ ಹಾಳೆ ತಗೊಳ್ಳಿ, ಇಲ್ಲವೇ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ತೆರೆಯಿರಿ. ಅಡ್ಡಕ್ಕೆ ಹದಿಮೂರು ಕಾಲಂ, ಒಂದೊಂದು ವಾರಕ್ಕೆ ಒಂದು. ಮೇಲಿನ ಸಾಲಿನಲ್ಲಿ ವಾರದ ಆರಂಭದ ಶಿಲ್ಕು, ಅಂದರೆ ಕೈಯಲ್ಲಿ ಉಳಿದಿರುವ ದುಡ್ಡು. ಅದರ ಕೆಳಗೆ ಬರುವ ದುಡ್ಡು: ಆಸ್ತಿ ತೆರಿಗೆ, ನೀರಿನ ಕರ, ಬಾಡಿಗೆ, ಅನುದಾನ. ಅದರ ಕೆಳಗೆ ಹೋಗುವ ದುಡ್ಡು: ಸಂಬಳ, ಕರೆಂಟ್, ಡೀಸೆಲ್, ನೀರು ಶುದ್ಧೀಕರಣದ ರಾಸಾಯನಿಕ, ಸಾಲದ ಕಂತು, ಗುತ್ತಿಗೆದಾರರು. ಕೊನೇ ಸಾಲಿನಲ್ಲಿ ವಾರದ ಕೊನೆಯ ಶಿಲ್ಕು. ಅದೇ ಮುಂದಿನ ವಾರದ ಆರಂಭದ ಶಿಲ್ಕು.

ಇದರಲ್ಲಿ ಎರಡು ಕಟ್ಟುನಿಟ್ಟು ಪಾಲಿಸಿ. ಅನುದಾನವನ್ನು ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಹಾಳೆಯಲ್ಲಿ ಬರೆಯಬೇಡಿ. ಬರುತ್ತದಂತೆ, ಸಾಹೇಬರು ಹೇಳಿದ್ದಾರಂತೆ ಎಂಬ ಮಾತಿಗೆ ಈ ಹಾಳೆಯಲ್ಲಿ ಜಾಗ ಇಲ್ಲ. ಎರಡನೆಯದು, ತೆರಿಗೆ ಎಷ್ಟು ಬರಬಹುದು ಎನ್ನುವುದಕ್ಕೆ ಈ ವರ್ಷದ ಗುರಿಯನ್ನು ಹಾಕಬೇಡಿ. ಹೋದ ವರ್ಷ ಅದೇ ವಾರದಲ್ಲಿ ನಿಜವಾಗಿ ಎಷ್ಟು ಬಂದಿತ್ತೋ ಅದನ್ನೇ ಹಾಕಿ, ಕಷ್ಟದ ವರ್ಷ ಆದ್ದರಿಂದ ಇನ್ನೂ ಸ್ವಲ್ಪ ಕಡಿಮೆ ಮಾಡಿ.

ಹಾಳೆ ತುಂಬಿದ ಮೇಲೆ ಕೊನೇ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಹೋಗಿ. ಎಲ್ಲೋ ಒಂದು ಕಡೆ ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಏಳನೇ ವಾರ ಅಂದುಕೊಳ್ಳಿ. ಆ ಕ್ಷಣ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ನಿಜ. ಆದರೆ ಈಗ ನಿಮ್ಮ ಕೈಯಲ್ಲಿ ಆರು ವಾರ ಇದೆ. ಮೊದಲಾಗಿದ್ದರೆ ನಾಲ್ಕು ದಿನ ಇರುತ್ತಿತ್ತು.

ಪ್ರತಿ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಈ ಹಾಳೆಗೆ ಮೀಸಲಿಡಿ. ಅಂದುಕೊಂಡದ್ದು ಎಷ್ಟು, ಆದದ್ದು ಎಷ್ಟು ಎಂದು ನೋಡಿ. ಮೊದಲ ತಿಂಗಳು ಅಂದಾಜು ಬಹಳ ತಪ್ಪುತ್ತದೆ. ಮೂರನೇ ತಿಂಗಳ ಹೊತ್ತಿಗೆ ಕೈ ಕುದುರುತ್ತದೆ.

ಹೆಜ್ಜೆ 3: ಬೀರುವಿನಲ್ಲಿರುವ ಬಿಲ್‌ಗಳು

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಬಾಕಿ ಬಿಲ್‌ಗಳ ಪಟ್ಟಿ ಒಂದೇ ಪುಟದಷ್ಟಿತ್ತು. ನನಗೆ ಸಮಾಧಾನವಾಗಿತ್ತು. ಒಂದು ದಿನ ಯಾವುದೋ ನಕ್ಷೆ ಹುಡುಕಲು ಎಂಜಿನಿಯರಿಂಗ್ ವಿಭಾಗದ ಬೀರು ತೆಗೆದೆವು. ಕೆಳಗಿನ ಅರೆಯಲ್ಲಿ ದಾರ ಕಟ್ಟಿದ ಎರಡು ಕಟ್ಟು ಬಿಲ್‌ಗಳಿದ್ದವು. ಕೆಲಸ ಮುಗಿದಿತ್ತು, ಅಳತೆ ಪುಸ್ತಕದಲ್ಲಿ ನಮೂದಾಗಿತ್ತು. ದುಡ್ಡಿಲ್ಲ ಅಂತ ಲೆಕ್ಕ ವಿಭಾಗಕ್ಕೆ ಕಳಿಸಿರಲಿಲ್ಲ, ಅಷ್ಟೇ. "ಕಳಿಸಿದ್ರೆ ನೀವು ವಾಪಸ್ ಕಳಿಸ್ತೀರಲ್ಲ ಸಾರ್, ಅದಕ್ಕೆ ಇಲ್ಲೇ ಇಟ್ಟಿದ್ವಿ" ಎಂದರು ಅಲ್ಲಿನ ಗುಮಾಸ್ತರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ವಾಪಸ್ ಕಳಿಸುವ ಅಭ್ಯಾಸ ನಮ್ಮದೇ ಆಗಿತ್ತು.

ಆದ್ದರಿಂದ ಎಲ್ಲ ವಿಭಾಗಕ್ಕೂ ಹೋಗಿ ಕೇಳಿ. ಬಿಲ್ ಬಂದಿರಲಿ ಬಿಡಲಿ, ಮುಗಿದ ಕೆಲಸ ಯಾವುದು, ಬಂದ ಸಾಮಾನು ಯಾವುದು, ಎಲ್ಲ ಪಟ್ಟಿ ಆಗಲಿ. ತಂದು ತೋರಿಸಿದವರನ್ನು ಬೈಯಬೇಡಿ. ಬೈದರೆ ಮುಂದಿನ ಕಟ್ಟು ಇನ್ನೂ ಕೆಳಗಿನ ಅರೆಗೆ ಹೋಗುತ್ತದೆ.

ಬಿಲ್ ರೂಪದಲ್ಲಿ ಇಲ್ಲದ ಬಾಕಿಗಳು ಇನ್ನೂ ಅಪಾಯ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್ ಸುಮಾರು 50 ಸಾವಿರ ಜನರ ನಗರ. ಕಸ ಸುಡುವ ಒಂದು ಘಟಕದ ಸಾಲಕ್ಕೆ ಅದು ಜಾಮೀನು ನಿಂತಿತ್ತು. ಘಟಕದಿಂದ ಬರಬೇಕಾದಷ್ಟು ಆದಾಯ ಬರಲಿಲ್ಲ. ಸಾಲ 30 ಕೋಟಿ ಡಾಲರ್ ದಾಟಿತು. 2011ರಲ್ಲಿ ನಗರಸಭೆಯೇ ದಿವಾಳಿ ಅರ್ಜಿ ಹಾಕಿತು. ನ್ಯಾಯಾಲಯ ಆ ಅರ್ಜಿಯನ್ನು ಒಪ್ಪಲಿಲ್ಲ, ಆದರೆ ಸಾಲ ಹಾಗೇ ಉಳಿಯಿತು. ಕೊನೆಗೆ ಆ ಘಟಕವನ್ನು ಮಾರಬೇಕಾಯಿತು. 2011ರಲ್ಲೇ ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ದಿವಾಳಿಯಾಯಿತು. ಅಲ್ಲಿ ಜನ 19 ಸಾವಿರ ಅಷ್ಟೇ. ನಿವೃತ್ತರಿಗೆ ಕೊಡುತ್ತೇವೆ ಎಂದು ಮಾತು ಕೊಟ್ಟು, ಅದಕ್ಕೆ ಬೇಕಾದ ದುಡ್ಡನ್ನು ಎತ್ತಿಟ್ಟಿರಲಿಲ್ಲ. ವಯಸ್ಸಾದ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಕೆಲವರ ಪಿಂಚಣಿ ಅರ್ಧಕ್ಕಿಂತ ಜಾಸ್ತಿ ಕಡಿತವಾಯಿತು. ಆ ಮಂದಿ ತಮ್ಮ ಪಾಲಿನ ಕೆಲಸ ಪೂರ್ತಿ ಮುಗಿಸಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ನಗರಾಡಳಿತ ಯಾರಿಗೆ ಜಾಮೀನು ನಿಂತಿದೆ, ಯಾವ ಕೋರ್ಟ್ ಕೇಸಿನಲ್ಲಿ ಪರಿಹಾರ ಕೊಡಬೇಕಾಗಬಹುದು, ನಿವೃತ್ತಿಯ ಹಣ ಯಾರಿಗೆ ಎಷ್ಟು ಬಾಕಿ ಇದೆ, ಇವು ಮೂರೂ ಪಟ್ಟಿಯ ಕೊನೆಯಲ್ಲಿ ಬರಲಿ.

ಹೆಜ್ಜೆ 4: ಯಾವುದನ್ನು ನಿಲ್ಲಿಸಬಾರದು ಎಂದು ಮೊದಲು ಬರೆಯಿರಿ

ಇಂಗ್ಲೆಂಡಿನಲ್ಲಿ 1988ರ ಸ್ಥಳೀಯ ಆಡಳಿತ ಹಣಕಾಸು ಕಾಯ್ದೆಯಲ್ಲಿ 114ನೇ ಕಲಂ ಎಂದಿದೆ. ಈ ವರ್ಷದ ಖರ್ಚು ಆದಾಯವನ್ನು ಮೀರುತ್ತದೆ ಎಂದು ಮುಖ್ಯ ಹಣಕಾಸು ಅಧಿಕಾರಿಗೆ ಕಂಡರೆ ಅವರು ಲಿಖಿತ ವರದಿ ಕೊಡಲೇಬೇಕು. 21 ದಿನದೊಳಗೆ ಸಭೆ ಸೇರಿ ಆ ವರದಿಯನ್ನು ಚರ್ಚಿಸಬೇಕು. ಅಲ್ಲಿಯವರೆಗೆ ಹೊಸ ಖರ್ಚಿನ ಒಪ್ಪಂದಗಳಿಗೆ ತಡೆ. 2020ರಲ್ಲಿ ಲಂಡನ್ನಿನ ಕ್ರಾಯ್ಡನ್, 2023ರಲ್ಲಿ ಬರ್ಮಿಂಗ್‌ಹ್ಯಾಮ್ ಈ ವರದಿ ಹೊರಡಿಸಿದವು. ಇದರಲ್ಲಿ ನನಗೆ ಇಷ್ಟವಾಗುವುದು ಒಂದು ಅಂಶ. ಹೇಳುವ ಜವಾಬ್ದಾರಿ ಒಬ್ಬ ಅಧಿಕಾರಿಯ ಮೇಲೆ ಇದೆ, ಕೇಳುವ ಜವಾಬ್ದಾರಿ ಸಭೆಯ ಮೇಲೆ ಇದೆ. ನಿಮ್ಮಲ್ಲಿ ಇಂಥ ಕಾನೂನು ಇಲ್ಲದಿದ್ದರೂ ಸಭೆಯಲ್ಲಿ ಒಂದು ಠರಾವು ಮಾಡಿ ಇದೇ ರೀತಿ ನಡೆದುಕೊಳ್ಳಬಹುದು.

ಖರ್ಚು ಕಡಿಮೆ ಮಾಡಲು ಕೂತಾಗ ಎಲ್ಲರೂ ಮಾಡುವ ತಪ್ಪು, ಎಲ್ಲ ವಿಭಾಗಕ್ಕೂ ಶೇ. 10 ಕಡಿತ ಎಂದು ಬರೆದುಬಿಡುವುದು. ನೋಡಲು ನ್ಯಾಯ ಅನಿಸುತ್ತದೆ. ಆದರೆ ಕ್ಲೋರಿನ್ ಶೇ. 10 ಕಡಿಮೆ ಹಾಕಲು ಆಗುತ್ತದೆಯೇ? ಉದ್ಯಾನದ ಬಣ್ಣ ಬಳಿಯುವ ಕೆಲಸವನ್ನು ಪೂರ್ತಿ ಬಿಡಬಹುದು, ಕುಡಿಯುವ ನೀರಿನ ಪರೀಕ್ಷೆಯನ್ನು ಒಂದು ದಿನವೂ ಬಿಡಲಾಗದು.

ನಿಲ್ಲಿಸಬಾರದ್ದರ ನನ್ನ ಪಟ್ಟಿ ಚಿಕ್ಕದು. ಶುದ್ಧ ಕುಡಿಯುವ ನೀರು, ಕಸ ಮತ್ತು ಒಳಚರಂಡಿ, ಕೆಳ ಹಂತದ ಸಿಬ್ಬಂದಿಯ ಸಂಬಳ, ಮ್ಯಾನ್‌ಹೋಲ್ ಕೆಲಸದವರ ಸುರಕ್ಷತೆ, ಬೆಂಕಿ ಮತ್ತು ತುರ್ತು ಸೇವೆ, ಸಾಲದ ಕಂತು. ನಿಮ್ಮ ಊರಿಗೆ ತಕ್ಕಂತೆ ಒಂದೆರಡು ಸೇರಿಸಿ. ಹತ್ತು ದಾಟಿದರೆ ಅದು ಪಟ್ಟಿಯಾಗಿ ಉಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಫ್ಲಿಂಟ್ ನಗರವನ್ನು ಮರೆಯಬಾರದು. ಅಮೆರಿಕದ ಮಿಷಿಗನ್ ರಾಜ್ಯದ ಈ ನಗರ ಹಣದ ಮುಗ್ಗಟ್ಟಿಗೆ ಸಿಕ್ಕಿ, ರಾಜ್ಯ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಉಳಿತಾಯಕ್ಕೆಂದು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಪೂರೈಸಲು ಶುರು ಮಾಡಿದರು. ಪೈಪ್ ಸವೆಯದಂತೆ ತಡೆಯುವ ರಾಸಾಯನಿಕವನ್ನು ಆ ನೀರಿಗೆ ಹಾಕಲಿಲ್ಲ. ಹಳೇ ಪೈಪ್‌ಗಳಿಂದ ಸೀಸ ನೀರಿಗೆ ಇಳಿಯಿತು, ಮಕ್ಕಳ ರಕ್ತದಲ್ಲಿ ಸೀಸ ಕಂಡಿತು. ನೀರಿನ ಬಣ್ಣ, ವಾಸನೆ ಸರಿ ಇಲ್ಲ ಎಂದು ಜನ ಬಾಟಲಿಯಲ್ಲಿ ತುಂಬಿಕೊಂಡು ತಂದು ತೋರಿಸಿದರೂ ತಿಂಗಳುಗಟ್ಟಲೆ ಯಾರೂ ಕಿವಿಗೊಡಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಹಳೇ ನೀರಿಗೇ ಮರಳಿದರು. ಆಮೇಲೆ ಒಪ್ಪಿಕೊಂಡ ಪರಿಹಾರದ ಮೊತ್ತ 62 ಕೋಟಿ ಡಾಲರ್ ದಾಟಿತು. ಮಕ್ಕಳಿಗೆ ಆದ ನಷ್ಟಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ಕಡಿತದ ಪ್ರತಿ ಸಲಹೆಗೂ ಒಂದು ಪ್ರಶ್ನೆ ಕೇಳಿ: ಇದನ್ನು ಬಿಟ್ಟರೆ ಏನಾಗುತ್ತದೆ, ಅದು ಯಾರಿಗೆ, ಯಾವಾಗ ಕಾಣುತ್ತದೆ? ಮೂರು ವರ್ಷ ಕಾಣದೆ ಆಮೇಲೆ ಒಮ್ಮೆಲೇ ಕಾಣುವಂಥದ್ದಾದರೆ, ಅದು ಉಳಿತಾಯ ಆಗಿರುವುದಿಲ್ಲ. ಕೊರತೆ ಇನ್ನೊಂದು ಕಡೆ ಬಚ್ಚಿಟ್ಟುಕೊಂಡಿರುತ್ತದೆ.

ಹೆಜ್ಜೆ 5: ರಾತ್ರಿ ಎರಡು ಗಂಟೆಗೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ

ಸಣ್ಣ ನಗರದ ದುಡ್ಡು ಜಾಸ್ತಿ ಸೋರುವುದು ನೀರಿನಲ್ಲಿ ಮತ್ತು ಅದನ್ನು ಎತ್ತುವ ಕರೆಂಟಿನಲ್ಲಿ. ಯಾರ ಸಂಬಳಕ್ಕೂ ಕೈ ಹಾಕದೆ ಇಲ್ಲಿ ಉಳಿಸಬಹುದು. ಆದ್ದರಿಂದ ಈ ಹೆಜ್ಜೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ರಾತ್ರಿ ಮೇಲ್ಮಟ್ಟದ ಟ್ಯಾಂಕನ್ನು ತುಂಬಿಸಿ. ಎರಡು ಗಂಟೆಗೆ ಪಂಪ್ ನಿಲ್ಲಿಸಿ, ಒಳಬರುವ ವಾಲ್ವ್ ಮುಚ್ಚಿ. ಊರಿಗೆ ಹೋಗುವ ವಾಲ್ವ್ ತೆರೆದೇ ಇರಲಿ. ಊರು ಮಲಗಿದೆ, ನೀರು ಬಳಸುವವರು ಬಹಳ ಕಡಿಮೆ. ಈಗ ಟ್ಯಾಂಕಿನ ಮಟ್ಟವನ್ನು ಅರ್ಧ ಗಂಟೆಗೊಮ್ಮೆ ನಾಲ್ಕು ಗಂಟೆಯವರೆಗೆ ಬರೆದುಕೊಳ್ಳಿ.

ಲೆಕ್ಕ ಸುಲಭ. ಟ್ಯಾಂಕಿನ ವ್ಯಾಸ 10 ಮೀಟರ್ ಇದ್ದರೆ, ಮಟ್ಟ ಒಂದು ಸೆಂಟಿಮೀಟರ್ ಇಳಿದಾಗ ಸುಮಾರು 785 ಲೀಟರ್ ಹೋಗಿದೆ ಎಂದರ್ಥ. ಗಂಟೆಗೆ 20 ಸೆಂಟಿಮೀಟರ್ ಇಳಿದರೆ 15,700 ಲೀಟರ್. ಮನೆಗಳ ತೊಟ್ಟಿ ತುಂಬುತ್ತಿದ್ದರೆ ಅದಕ್ಕೆ ಸ್ವಲ್ಪ ಕಳೆಯಿರಿ. ಹಗಲಿನಲ್ಲಿ ಪೈಪಿನ ಒತ್ತಡ ಕಡಿಮೆ, ಸೋರುವುದೂ ಕಡಿಮೆ ಎಂದು ಇನ್ನೊಂದಿಷ್ಟು ಕಳೆಯಿರಿ. ಆದರೂ ದಿನಕ್ಕೆ ಮೂರು ಲಕ್ಷ ಲೀಟರ್ ಹತ್ತಿರ ಬರುತ್ತದೆ. ತಲಾ 100 ಲೀಟರ್ ಲೆಕ್ಕದಲ್ಲಿ ಮೂರು ಸಾವಿರ ಜನರ ನೀರು ಅದು. ಅದನ್ನು ಶುದ್ಧ ಮಾಡಿ, ಕರೆಂಟ್ ಸುಟ್ಟು ಮೇಲಕ್ಕೆ ಎತ್ತಿ, ಮಣ್ಣಿಗೆ ಬಿಟ್ಟಿದ್ದೇವೆ.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಬೀದಿ ಬೀದಿಯ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಯಾವ ವಾಲ್ವ್ ಮುಚ್ಚಿದಾಗ ಟ್ಯಾಂಕಿನ ಇಳಿತ ಒಮ್ಮೆಲೇ ನಿಧಾನ ಆಗುತ್ತದೋ, ಸೋರಿಕೆ ಅದರಾಚೆ ಇದೆ. ಅಲ್ಲಿ ಹೋಗಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೋ ವಾಲ್ವಿಗೋ ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಡಿ. ಸುಂಯ್ ಎನ್ನುವ ಸದ್ದು ಕೇಳುತ್ತದೆ. ಅನುಭವ ಇರುವ ನೀರುಗಂಟಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರನ್ನು ಕೇಳಿದವರು ಕಡಿಮೆ. ಊರಿನ ನೆಲದ ಕೆಳಗಿನ ನಕ್ಷೆ ಅವರ ತಲೆಯಲ್ಲಿದೆ, ಕಚೇರಿಯ ಫೈಲಿನಲ್ಲಿ ಇಲ್ಲ. ಅವರು ನಿವೃತ್ತರಾಗುವ ಮುಂಚೆ ಅದನ್ನು ಹಾಳೆಗೆ ಇಳಿಸಿಕೊಳ್ಳಿ, ನಕ್ಷೆಯ ಮೇಲೆ ಅವರ ಹೆಸರನ್ನೂ ಬರೆಯಿರಿ.

ಪಂಪ್‌ಗೂ ಒಂದು ಪರೀಕ್ಷೆ ಇದೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಕರೆಂಟ್ ಬೇಕು. ಪಂಪ್, ಮೋಟಾರಿನಲ್ಲಿ ಆಗುವ ನಷ್ಟ ಸೇರಿಸಿದರೂ ಚೆನ್ನಾಗಿರುವ ಸೆಟ್ ಅರ್ಧ ಯೂನಿಟ್ ಒಳಗೆ ಮುಗಿಸುತ್ತದೆ. ನಿಮ್ಮದು ಮುಕ್ಕಾಲು ಯೂನಿಟ್ ತಿನ್ನುತ್ತಿದ್ದರೆ ಪಂಪ್ ಸವೆದಿದೆ, ಇಲ್ಲವೇ ಪೈಪಿನಲ್ಲಿ ಕೊಳೆ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಒಂದು ವಾಲ್ವ್ ಅರ್ಧ ಮುಚ್ಚಿದೆ. ದುರಸ್ತಿಯ ದುಡ್ಡು ಕರೆಂಟ್ ಬಿಲ್ಲಿನಲ್ಲೇ ಹುಟ್ಟುತ್ತದೆ.

ಹಾಗೇ ಎಲ್ಲ ಕರೆಂಟ್ ಮೀಟರ್‌ಗಳ ಪಟ್ಟಿ ಹಿಡಿದು ಊರು ಸುತ್ತಿ. ಬತ್ತಿದ ಬೋರ್‌ವೆಲ್, ಕೆಡವಿದ ಕಟ್ಟಡ, ಇವಕ್ಕೂ ತಿಂಗಳು ತಿಂಗಳು ಬಿಲ್ ಬರುತ್ತಿರುತ್ತದೆ. ಹಗಲಲ್ಲಿ ಉರಿಯುವ ಬೀದಿದೀಪಗಳನ್ನು ಅದೇ ಸುತ್ತಿನಲ್ಲಿ ಗುರುತು ಮಾಡಿ.

ಹೆಜ್ಜೆ 6: ಬರಬೇಕಾದ ದುಡ್ಡನ್ನು ತನ್ನಿ

ತೆರಿಗೆ ಬಾಕಿಯ ಪಟ್ಟಿಯನ್ನು ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಜೋಡಿಸಿ. ಮೇಲಿನ ಐವತ್ತು ಹೆಸರು ನೋಡಿ. ಒಟ್ಟು ಬಾಕಿಯ ದೊಡ್ಡ ಪಾಲು ಅಲ್ಲೇ ಸಿಗುತ್ತದೆ, ಅದರಲ್ಲಿ ಸರ್ಕಾರಿ ಕಚೇರಿಗಳೂ ಇರುತ್ತವೆ. ಅಧ್ಯಕ್ಷರು, ಮುಖ್ಯಾಧಿಕಾರಿ ಇಬ್ಬರೂ ಆ ಐವತ್ತು ಜನರ ಹತ್ತಿರ ತಾವೇ ಹೋಗಬೇಕು. ಸಣ್ಣ ಮನೆಯವರ ಬಾಗಿಲಿಗೆ ಮೊದಲು ನೋಟಿಸ್ ಅಂಟಿಸಿ, ದೊಡ್ಡ ಕಟ್ಟಡವನ್ನು ಮುಟ್ಟದೆ ಬಿಟ್ಟರೆ ಊರು ಅದನ್ನು ಮರೆಯುವುದಿಲ್ಲ.

ಕಟ್ಟದೇ ಇರುವವರಲ್ಲಿ ಮೂರು ಬಗೆ. ಬಿಲ್ಲೇ ತಲುಪದವರು ಒಂದು ಬಗೆ, ಹೆಸರು ತಪ್ಪಿದೆ, ಮನೆ ಭಾಗವಾಗಿದೆ. ಇದು ನಮ್ಮ ತಪ್ಪು, ಮೊದಲು ಸರಿಪಡಿಸಿ. ಕೈಯಲ್ಲಿ ಆಗದವರು ಇನ್ನೊಂದು ಬಗೆ. ಅವರಿಗೆ ಕಂತು ಮಾಡಿಕೊಡಿ, ನೀರು ಮಾತ್ರ ಕತ್ತರಿಸಬೇಡಿ. ಉಳಿದವರು ಆಗುತ್ತಿದ್ದರೂ ಕಟ್ಟದವರು. ಕಾನೂನಿನ ಗಟ್ಟಿತನ ಅವರಿಗೆ ಮೀಸಲು. ಬಡ್ಡಿ ಮನ್ನಾ ಎಂದು ವರ್ಷ ವರ್ಷ ಘೋಷಿಸುವುದನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಕಟ್ಟುತ್ತಿದ್ದವರೂ ಮನ್ನಾಕ್ಕೆ ಕಾಯಲು ಕಲಿಯುತ್ತಾರೆ.

ಆಸ್ತಿ ಮಾರುವ ಆಸೆ ಇದೇ ಸಮಯದಲ್ಲಿ ಬರುತ್ತದೆ. ಷಿಕಾಗೊ ನಗರ 2008ರಲ್ಲಿ ತನ್ನ ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ಬಿಟ್ಟುಕೊಟ್ಟಿತು. 115 ಕೋಟಿ ಡಾಲರ್ ಒಮ್ಮೆಲೇ ಸಿಕ್ಕಿತು. ಅದರಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ಕೊರತೆ ತುಂಬಲು ಮುಗಿದುಹೋಯಿತು. ಆದಾಯ ಹೋದದ್ದು ಮೂರು ತಲೆಮಾರಿಗೆ. ಒಮ್ಮೆ ಬರುವ ದುಡ್ಡನ್ನು ಒಮ್ಮೆ ಆಗುವ ಖರ್ಚಿಗೆ ಮಾತ್ರ ಬಳಸಿ.

ಸಾಲಕ್ಕೂ ಇದೇ ಮಾತು. 1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂದದ್ದು ವರ್ಷಗಟ್ಟಲೆ ದಿನನಿತ್ಯದ ಖರ್ಚಿಗೆ ಅಲ್ಪಾವಧಿ ಸಾಲ ಮಾಡಿ, ಅದನ್ನು ಇನ್ನೊಂದು ಸಾಲದಿಂದ ತೀರಿಸಿದ್ದರಿಂದ. ಬ್ಯಾಂಕುಗಳು ಒಂದು ದಿನ ಸಾಕು ಎಂದವು. ಮಂಜೂರಾದ ಅನುದಾನಕ್ಕೆ ಎರಡು ತಿಂಗಳು ಕಾಯಬೇಕಿದ್ದರೆ ಸಾಲ ಮಾಡಿ. ಅನುದಾನ ಬಂದ ದಿನವೇ ತೀರಿಸಿ.

ಹೆಜ್ಜೆ 7: ಸಿಬ್ಬಂದಿ, ಗುತ್ತಿಗೆದಾರರ ಜೊತೆ ಕೂತು ಮಾತಾಡಿ

ಸಂಬಳ ಹತ್ತು ದಿನ ತಡವಾಗಬಹುದು ಎಂದು ಹಾಳೆ ಹೇಳುತ್ತಿದ್ದರೆ, ಇಪ್ಪತ್ತು ದಿನ ಮೊದಲೇ ಸಿಬ್ಬಂದಿಗೆ ಹೇಳಿ. ತಡ ಮಾಡಲೇಬೇಕಾದರೆ ಮೇಲಿನವರಿಂದ ಶುರು ಮಾಡಿ. ಪೌರಕಾರ್ಮಿಕರ ಸಂಬಳ ಮೊದಲು ಆಗಲಿ, ಅಧಿಕಾರಿಗಳದ್ದು ಕೊನೆಗೆ. ಅಧ್ಯಕ್ಷರ ಕಾರಿನ ಡೀಸೆಲ್ ಖರ್ಚು ಅದಕ್ಕೂ ಮೊದಲೇ ನಿಂತಿರಲಿ. ಮೊತ್ತ ಸಣ್ಣದು, ಆದರೆ ಕಸದ ಗಾಡಿ ಎಳೆಯುವವರು ಮೊದಲು ನೋಡುವುದು ಅದನ್ನೇ.

ಗುತ್ತಿಗೆದಾರರಿಗೆ ಹಳೇ ಬಿಲ್ ಮೊದಲು, ಹೊಸದು ಆಮೇಲೆ ಎಂಬ ನಿಯಮ ಮಾಡಿ, ಪಾವತಿಯ ಸರದಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಸರದಿ ಮುರಿಯಲು ಫೋನ್ ಬರುತ್ತವೆ, ಬಹಳ ಬರುತ್ತವೆ. ಪಟ್ಟಿ ಗೋಡೆಯ ಮೇಲಿದ್ದರೆ ಇಲ್ಲ ಎನ್ನುವುದು ಸುಲಭ. ತಡವಾಗಿ ದುಡ್ಡು ಕೊಡುವ ಕಚೇರಿ ಎಂಬ ಹೆಸರು ಬಂದರೆ ಮುಂದಿನ ಟೆಂಡರ್‌ನಲ್ಲಿ ಎಲ್ಲರೂ ದರ ಏರಿಸಿಯೇ ಬರೆಯುತ್ತಾರೆ.

ಹೆಜ್ಜೆ 8: ಊರಿಗೆ ಅಂಕಿ ಸಮೇತ ಹೇಳಿ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ದೊಡ್ಡ ನಗರವೇ. ಆದರೂ ಅದರಿಂದ ಸಣ್ಣ ಊರು ಕಲಿಯಬಹುದಾದದ್ದು ಇದೆ. ಮೂರು ವರ್ಷದ ಬರದ ನಂತರ 2018ರ ಆರಂಭದಲ್ಲಿ ನಲ್ಲಿಗಳನ್ನೇ ನಿಲ್ಲಿಸಬೇಕಾದ ದಿನ ಹತ್ತಿರ ಬಂದಿತ್ತು. ಆ ದಿನವನ್ನು ಅವರು ಮುಚ್ಚಿಡಲಿಲ್ಲ, ತಾರೀಖು ಸಮೇತ ಹೇಳಿದರು. ಅಣೆಕಟ್ಟುಗಳಲ್ಲಿ ಎಷ್ಟು ನೀರಿದೆ ಎಂದು ವಾರ ವಾರ ಪ್ರಕಟಿಸಿದರು. ಫೆಬ್ರುವರಿ 1ರಿಂದ ತಲಾ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂತು. ಪೈಪಿನ ಒತ್ತಡವನ್ನೂ ತಗ್ಗಿಸಿದರು. ಬರಕ್ಕೆ ಮುಂಚಿನ ಬಳಕೆಗೆ ಹೋಲಿಸಿದರೆ ನಗರದ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ಆ ದಿನ ಬರಲೇ ಇಲ್ಲ.

ಜನರಿಗೆ ಹೇಳಿದರೆ ಗಾಬರಿಯಾಗುತ್ತಾರೆ ಎಂಬ ಮಾತನ್ನು ಪ್ರತಿ ಸಭೆಯಲ್ಲೂ ಯಾರೋ ಹೇಳುತ್ತಾರೆ. ನನ್ನ ಅನುಭವ ಬೇರೆ. ಜನಕ್ಕೆ ಕೊರತೆ ಮೊದಲೇ ಗೊತ್ತಿರುತ್ತದೆ. ಅವರ ಬೀದಿಯ ದೀಪ ಆರಿದೆ, ಅವರ ಮನೆಯ ಕಸ ಮೂರು ದಿನದಿಂದ ಹೋಗಿಲ್ಲ. ನೀವು ಸುಮ್ನೆ ಇದ್ದರೆ ಅವರು ತಮಗೆ ತೋಚಿದ ಕಾರಣ ಊಹಿಸುತ್ತಾರೆ.

ತಿಂಗಳಿಗೊಂದು ಪುಟ ಸಾಕು. ಎಷ್ಟು ಬಂತು, ಎಷ್ಟು ಹೋಯಿತು, ಬಾಕಿ ಎಷ್ಟು, ಮುಂದಿನ ತಿಂಗಳು ಯಾವ ಕೆಲಸ ಆಗುವುದಿಲ್ಲ, ಯಾವಾಗ ಆಗುತ್ತದೆ. ವಾರ್ಡಿನ ಸದಸ್ಯರೇ ಅದನ್ನು ಬೀದಿಯಲ್ಲಿ ನಿಂತು ಓದಿ ಹೇಳಲಿ. ಆಗದ ಕೆಲಸವನ್ನು ನೋಡೋಣ, ಮಾಡೋಣ ಎನ್ನಬೇಡಿ.

ಕತ್ತಲಾದ ಮೇಲೂ ದಾರಿ ಇರುತ್ತದೆ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ವಲ್ಲೇಹೊ ನಗರ ಇದೆ. 2008ರಲ್ಲಿ ಅದು ದಿವಾಳಿಯಾಯಿತು. 2011ರಲ್ಲಿ ಹೊರಬರುವಾಗ ಅಲ್ಲಿನ ಮತದಾರರು ಶೇ. 1 ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿದರು. ಮರುವರ್ಷ ನಗರಸಭೆ ಆ ತೆರಿಗೆಯ ಒಂದು ಪಾಲನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ನಿವಾಸಿಗಳೇ ಮತ ಹಾಕಿ ತೀರ್ಮಾನಿಸಲು ಬಿಟ್ಟಿತು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ 1989ರಲ್ಲಿ ಶುರು ಮಾಡಿದ ಪದ್ಧತಿ ಅದು. ನಿಮ್ಮ ಊರಿನಲ್ಲೂ ಉಳಿದ ಸ್ವಲ್ಪ ದುಡ್ಡಿನಲ್ಲಿ ಯಾವ ರಸ್ತೆ ಮೊದಲು ಎಂದು ವಾರ್ಡ್ ಸಭೆ ಹೇಳಲಿ.

ಹೆಜ್ಜೆ 9: ದುಡ್ಡು ಬರಲು ಶುರುವಾದ ಮೇಲೆ

ಎಂಟು, ಹತ್ತು ತಿಂಗಳ ನಂತರ ಒಂದು ವಾರ ಶಿಲ್ಕು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ತಡೆಹಿಡಿದ ಎಲ್ಲ ಕೆಲಸಗಳ ಫೈಲ್‌ಗಳೂ ಅಂದೇ ಮೇಜಿಗೆ ಬರುತ್ತವೆ. ಅದಕ್ಕೇ ಕ್ರಮವನ್ನು ಮೊದಲೇ ಸಭೆಯಲ್ಲಿ ಒಪ್ಪಿಸಿಕೊಂಡಿರಿ. ಯಾವುದಾದರೂ ಯೋಜನೆಯ ಕಟ್ಟಿಹಾಕಿದ ದುಡ್ಡಿಗೆ ಕೈ ಹಾಕಿದ್ದರೆ ಅದನ್ನು ಮೊದಲು ವಾಪಸ್ ಇಡಿ. ಆಮೇಲೆ ಸಿಬ್ಬಂದಿಯ ಬಾಕಿ, ಅದರ ನಂತರ ಹಳೇ ಬಿಲ್‌ಗಳು. ನಂತರ ಮುಂದೂಡಿದ ದುರಸ್ತಿ. ಹೊಸ ಕೆಲಸ ಕೊನೆಗೆ.

ಜೊತೆಗೆ ಒಂದು ಮೀಸಲು ನಿಧಿಯನ್ನು ಶುರು ಮಾಡಿ. ಅಮೆರಿಕದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಮೀಸಲು ಇರಲಿ ಎನ್ನುತ್ತದೆ. ಕಷ್ಟದ ವರ್ಷ ದಾಟಿದ ಊರಿಗೆ ಅದು ಬೆಟ್ಟದಂತೆ ಕಾಣಬಹುದು. ಮೊದಲ ವರ್ಷ ಒಂದು ವಾರದ್ದು ಇಡಿ. ಅದನ್ನು ಯಾವಾಗ ತೆಗೆಯಬಹುದು, ಎಷ್ಟು ತಿಂಗಳಲ್ಲಿ ತುಂಬಬೇಕು, ಎರಡನ್ನೂ ಠರಾವಿನಲ್ಲಿ ಬರೆಯಿರಿ. ಸುಮ್ನೆ ಇಟ್ಟರೆ ಅದು ಮೊದಲ ಹಬ್ಬಕ್ಕೇ ಖಾಲಿಯಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ತೆರಿಗೆ ಮತ್ತು ಲೆಕ್ಕದ ಕಂಪ್ಯೂಟರ್ ಮಾಹಿತಿಯ ಒಂದು ಪ್ರತಿಯನ್ನು ಪ್ರತಿ ವಾರ ಇಂಟರ್‌ನೆಟ್‌ಗೆ ಸೇರದ ಹಾರ್ಡ್‌ಡಿಸ್ಕಿಗೆ ತೆಗೆದು ಬೇರೆ ಕಟ್ಟಡದಲ್ಲಿ ಇಡಿ. 2019ರಲ್ಲಿ ಫ್ಲಾರಿಡಾದ ಲೇಕ್ ಸಿಟಿ ಎಂಬ ಸಣ್ಣ ಊರು ಇಂಟರ್‌ನೆಟ್ ಮೂಲಕ ವಂಚಕರು ಬೀಗ ಹಾಕಿದ್ದ ತನ್ನ ಕಂಪ್ಯೂಟರ್‌ಗಳನ್ನು ಬಿಡಿಸಿಕೊಳ್ಳಲು ಅವರಿಗೆ 42 ಬಿಟ್‌ಕಾಯಿನ್ (ಒಂದು ಬಗೆಯ ಡಿಜಿಟಲ್ ಹಣ) ಕೊಡಬೇಕಾಯಿತು.

ಸೋಮವಾರದ ಅರ್ಧ ಗಂಟೆಯನ್ನು ಬಿಡಬೇಡಿ. ವಾರ ಮುಗಿದ ಕಾಲಂ ಅಳಿಸಿ, ಬಲಗಡೆ ಹೊಸ ಕಾಲಂ ಸೇರಿಸಿ, ಅದರಲ್ಲಿ ಮೊದಲು ಸಂಬಳದ ಸಾಲನ್ನು ತುಂಬಿ.